ಆಷಾಢದಲ್ಲಿ ಮುಗಿಸಿದ ಕೆಲಸ: ಹೊಸ ಬೋರ್ಡಿಗೆ ಹಳೆ ವಿಂಡೋಸ್

ಗಟ್ಟಿಮೇಳ ಜೋರಾಗಿ ಕೇಳಿಸುತ್ತಿದೆ. ಪರದೆ ಮೇಲೆ ಮಾತ್ರ ಮದುಮಗನ ಕೈ ತಾಳಿ ಹಿಡಿದು ಅರ್ಧದಲ್ಲೇ ನಿಂತಿದೆ. ಮೂರು ಸೆಕೆಂಡ್ ಆದ ಮೇಲೆ ಚಿತ್ರ ಒಮ್ಮೆಲೇ ಜಿಗಿಯುತ್ತದೆ. ಅಷ್ಟರಲ್ಲಿ ತಾಳಿ ಕಟ್ಟಿ ಆಗಿರುತ್ತದೆ. ಸುಮಾರು ಎರಡು ವರ್ಷ ಹೀಗೇ ಎಡಿಟ್ ಮಾಡಿದೆ.

ಚಿಕ್ಕಮಗಳೂರಿನಲ್ಲಿ ನನ್ನದು ಚಿಕ್ಕ ಸ್ಟುಡಿಯೋ. ಮದುವೆ, ಗೃಹಪ್ರವೇಶ, ನಾಮಕರಣ, ಇವೇ ಕೆಲಸ. ಕಂಪ್ಯೂಟರ್ 2015ರಲ್ಲಿ ಕಟ್ಟಿಸಿದ್ದು. ಇಂಟೆಲ್ ಐ7-4790, 16 ಜಿಬಿ ರ‍್ಯಾಮ್, 240 ಜಿಬಿಯ ಎಸ್‌ಎಸ್‌ಡಿ. ಜಿಟಿಎಕ್ಸ್ 1050 ಟಿಐ ಕಾರ್ಡ್ ಆಮೇಲೆ ಹಾಕಿಸಿದ್ದು.

"ಹೊಸದೇ ತಗೊಂಡ್ಬಿಡಿ ಅಣ್ಣ, ಎಲ್ಲ ಫ್ರೆಶ್ ಆಗಿ ಇನ್‌ಸ್ಟಾಲ್ ಮಾಡೋಣ" ಅಂತ ನನ್ನ ಜೊತೆ ಕೆಲಸ ಮಾಡುವ ಹುಡುಗ ಹೇಳುತ್ತಲೇ ಇದ್ದ. ನನಗೆ ದುಡ್ಡಿಗಿಂತ ಆ ಇನ್‌ಸ್ಟಾಲ್‌ನದ್ದೇ ಭಯ. ಎಡಿಟಿಂಗಿನ ಪ್ರೀಮಿಯರ್, ಎಡಿಯಸ್, ಮತ್ತೆ ಫೋಟೋಶಾಪ್, ಪ್ಲಗಿನ್‌ಗಳು, ಹತ್ತು ವರ್ಷ ಕೂಡಿಟ್ಟ ಟೈಟಲ್‌ಗಳು, ಎಲ್ಲ ಅದರಲ್ಲೇ ಇವೆ. ಟೈಟಲ್‌ಗಳು ಬಹಳಷ್ಟು 'ನುಡಿ' ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೆ ಫಾಂಟ್‌ಗಳಲ್ಲಿವೆ. ಆ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಶುಭ ವಿವಾಹ' ಇರಬೇಕಾದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಸಾಲಾಗಿ ನಿಂತಿರುತ್ತವೆ. ಎರಡು ವರ್ಷದ ಹಿಂದಿನ ಗಿರಾಕಿ ಬಂದು "ಇನ್ನೊಂದು ಕಾಪಿ ಕೊಡಿ, ಹೆಸರು ಸರಿಮಾಡಿ" ಅಂದರೆ ಆ ಪ್ರಾಜೆಕ್ಟ್ ಹಾಗೇ ತೆರೆಯಬೇಕು. ಅದಕ್ಕೇ ತೀರ್ಮಾನ ಮಾಡಿದೆ: ಒಳಗಿನ ಸಾಮಾನು ಬದಲಾಗಲಿ, ವಿಂಡೋಸ್ ಮಾತ್ರ ಇದ್ದ ಹಾಗೇ ಇರಲಿ.

ಮೊದಲು ರೋಗ ಎಲ್ಲಿದೆ ಅಂತ ನೋಡಿದೆ. ಸುಮ್ನೆ ರ‍್ಯಾಮ್ ಜಾಸ್ತಿ ಮಾಡಿದರೆ ಸಾಕು ಅಂದುಕೊಂಡಿದ್ದೆ. ಆ ಧಾರೆ ಕ್ಲಿಪ್ ಓಡಿಸಿ ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಬಳಕೆ ಶೇ. 100ಕ್ಕೆ ಅಂಟಿಕೊಂಡಿತ್ತು. ರ‍್ಯಾಮ್ ಇನ್ನೂ ಉಳಿದಿತ್ತು. ಗ್ರಾಫಿಕ್ಸ್ ಕಾರ್ಡಿನ ವಿಡಿಯೋ ಡಿಕೋಡ್, ಅಂದರೆ ಒತ್ತಿಟ್ಟ ವಿಡಿಯೋ ಬಿಡಿಸುವ ಕೆಲಸ, ಸೊನ್ನೆ. ಕಾರಣ ಕ್ಯಾಮೆರಾದಲ್ಲಿತ್ತು. ಈಗ ನಮ್ಮ ಹುಡುಗರು ತೆಗೆಯುವುದು ಸೋನಿಯಲ್ಲಿ, 10 ಬಿಟ್ 4:2:2 ಎಚ್.265. ಎಚ್.265 ಅಂದರೆ ವಿಡಿಯೋ ಒತ್ತಿಡುವ ಒಂದು ಪದ್ಧತಿ, 4:2:2 ಅಂದರೆ 4:2:0ಗಿಂತ ಹೆಚ್ಚು ಬಣ್ಣದ ವಿವರ. ನನ್ನ ಕಾರ್ಡ್ 4:2:0 ಬಿಡಿಸುತ್ತದೆ, 4:2:2 ಅದಕ್ಕೆ ಆಗುವುದಿಲ್ಲ. 4790ರೊಳಗಿನ ಗ್ರಾಫಿಕ್ಸ್‌ಗೆ ಈ ಬಗೆಯ ಎಚ್.265 ಗೊತ್ತೇ ಇಲ್ಲ. ಪಾಪ, ಪ್ರೊಸೆಸರ್ ಒಂದೇ ಎಲ್ಲ ಹೊರಬೇಕಿತ್ತು.

ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರಿನಲ್ಲಿ ಒಳಗಿನ ಗ್ರಾಫಿಕ್ಸೇ ಈ 4:2:2 ಎಚ್.265 ಬಿಡಿಸುತ್ತದೆ. ಹಾಗಾಗಿ ಐ5-12400 ಆರಿಸಿದೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. 12400ಎಫ್ ಅಂತ ಇನ್ನೊಂದಿದೆ, ಬೆಲೆ ಸ್ವಲ್ಪ ಕಡಿಮೆ. ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ನಮಗೆ ಬೇಕಾಗಿರುವುದೇ ಆ ಒಳಗಿನ ಗ್ರಾಫಿಕ್ಸ್, ಅಲ್ವಾ? ಅಂಗಡಿಯವರು "ಕಾರ್ಡ್ ಇದೆಯಲ್ಲ ಸಾರ್, ಎಫ್ ತಗೊಳ್ಳಿ" ಅಂದರೂ ಒಪ್ಪಬೇಡಿ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಪ್ರೊಸೆಸರ್, ಡಿಡಿಆರ್4 ರ‍್ಯಾಮ್ ಹಾಕುವ ಬಿ660 ಬೋರ್ಡ್ (ಎಲ್ಲ ಭಾಗ ಕೂರುವ ಮದರ್‌ಬೋರ್ಡ್), 32 ಜಿಬಿ ರ‍್ಯಾಮ್, 1 ಟಿಬಿ ಎನ್‌ವಿಎಂಇ (ಇನ್ನೂ ವೇಗದ ಎಸ್‌ಎಸ್‌ಡಿ) ತಂದೆ. ಒಟ್ಟು 34 ಸಾವಿರದ ಆಸುಪಾಸು. ಬಿ660ರಲ್ಲಿ ಡಿಡಿಆರ್5 ಬೋರ್ಡೂ ಬರುತ್ತದೆ, ಡಬ್ಬಿ ನೋಡಿ ತಗೊಳ್ಳಿ. ಹಳೆ ಡಿಡಿಆರ್3 ರ‍್ಯಾಮ್ ಇದಕ್ಕೆ ಕೂರುವುದಿಲ್ಲ. ಕ್ಯಾಬಿನೆಟ್, ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಡಬ್ಬಿ), ಕಾರ್ಡ್, ಹಾರ್ಡ್ ಡಿಸ್ಕ್‌ಗಳು ಹಳೆಯವೇ. ಹಾಸನದ ಮೇಲೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಳೆ. ಬ್ಯಾಗ್ ತೊಡೆ ಮೇಲಿಂದ ಇಳಿಸಲಿಲ್ಲ.

ಕೆಲಸಕ್ಕೆ 2025ರ ಆಷಾಢ ಆರಿಸಿದ್ದೆ. ಮದುವೆ ಇಲ್ಲ, ಗಿರಾಕಿಗಳ ಫೋನ್ ಇಲ್ಲ. ತೊಂದರೆ ಒಂದೇ, ಆ ದಿನಗಳಲ್ಲಿ ಗಾಳಿಮಳೆಗೆ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಡಿಸ್ಕಿನ ಕೆಲಸ ಅರ್ಧದಲ್ಲಿ ನಿಂತರೆ ಕಥೆ ಮುಗಿಯಿತು. ಮೊದಲು ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆ.

ನಾನು ಇಟ್ಟುಕೊಂಡ ನಿಯಮ ಒಂದೇ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದು ನಡೆಯಿತು ಅಂತ ನೋಡಿದ ಮೇಲೆ ಮುಂದಿನದು.

ಕ್ಲೋನ್‌ಜಿಲ್ಲಾ ಅಂತ ಉಚಿತ ಸಾಫ್ಟ್‌ವೇರ್ ಇದೆ. ಪೆನ್‌ಡ್ರೈವಿನಿಂದ ಅದನ್ನು ಓಡಿಸಿ ಸಿ ಡ್ರೈವಿನ ಪೂರ್ತಿ ನಕಲನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ವಿಂಡೋಸ್ ಲೈಸೆನ್ಸ್ ಅದಕ್ಕೆ ಸೇರಿಸಿದೆ. ನನ್ನದು ಬೇರೆಯಾಗಿ ಕೊಂಡ ರಿಟೇಲ್ ಲೈಸೆನ್ಸ್, ಅದಕ್ಕೇ ಹೊಸ ಬೋರ್ಡಿಗೆ ಬರುತ್ತದೆ. ಕಂಪ್ಯೂಟರಿನ ಜೊತೆಗೇ ಬಂದ ಓಇಎಂ ಲೈಸೆನ್ಸ್ ಬರುವುದಿಲ್ಲ. ಎಡಿಯಸ್ ಮತ್ತು ಪ್ಲಗಿನ್‌ಗಳ ಲೈಸೆನ್ಸ್ ಹಳೆ ಬೋರ್ಡಿನಲ್ಲೇ ಡಿಆಕ್ಟಿವೇಟ್ ಮಾಡಿದೆ. ಹಳೆ ಬೋರ್ಡ್ ಕಂಪನಿಯ ಫ್ಯಾನ್ ಸಾಫ್ಟ್‌ವೇರ್ ತೆಗೆದು ಹಾಕಿದೆ.

ಮುಂದಿನದೇ ಮುಖ್ಯ. 2015ರಲ್ಲಿ ನನ್ನ ವಿಂಡೋಸ್ ಹಾಕಿದ್ದು ಹಳೆ ಎಂಬಿಆರ್ ಪದ್ಧತಿಯಲ್ಲಿ. ಡಿಸ್ಕನ್ನು ಭಾಗ ಮಾಡಿ ಗುರುತಿಡುವ ಪದ್ಧತಿ ಅದು. ಈಗಿನ ಬೋರ್ಡ್‌ಗಳಿಗೆ ಬೂಟ್ ಆಗಲು ಯುಇಎಫ್‌ಐ ದಾರಿ, ಅದಕ್ಕೆ ಡಿಸ್ಕ್ ಜಿಪಿಟಿ ಅನ್ನುವ ಹೊಸ ಪದ್ಧತಿಯಲ್ಲಿರಬೇಕು. ಇದನ್ನು ಬದಲಿಸುವ ಎಂಬಿಆರ್2ಜಿಪಿಟಿ ಅನ್ನುವ ಸಾಧನ ವಿಂಡೋಸ್ 10ರ 1703 ಆವೃತ್ತಿಯಿಂದ ಒಳಗೇ ಇದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ವ್ಯಾಲಿಡೇಟ್ (ಪರೀಕ್ಷೆ), ಅದು ಸರಿ ಅಂದ ಮೇಲೆ ಕನ್ವರ್ಟ್ (ಬದಲಾವಣೆ). ವಿಂಡೋಸ್ ಒಳಗಿಂದಲೇ ಓಡಿಸುವುದರಿಂದ ಎರಡರ ಜೊತೆಗೂ 'ಅಲೋ ಫುಲ್ ಓಎಸ್' ಅನ್ನುವ ಪದ ಸೇರಿಸಬೇಕು. ಡಿಸ್ಕಿನಲ್ಲಿ ಪ್ರೈಮರಿ ಪಾರ್ಟಿಷನ್ (ಮುಖ್ಯ ಭಾಗ) ಮೂರಕ್ಕಿಂತ ಜಾಸ್ತಿ ಇದ್ದರೆ ಅದು ಒಪ್ಪುವುದಿಲ್ಲ. ನನ್ನದರಲ್ಲಿ ಎರಡೇ ಇದ್ದವು. ಒಂದೆರಡು ನಿಮಿಷದಲ್ಲಿ ಮುಗಿಯಿತು. ಬಯಾಸ್‌ನಲ್ಲಿ (ಬೋರ್ಡಿನ ಸ್ವಂತ ಸೆಟ್ಟಿಂಗ್‌ನಲ್ಲಿ) ಲೆಗಸಿ ಅನ್ನುವ ಹಳೆ ದಾರಿ ತೆಗೆದು ಯುಇಎಫ್‌ಐ ಮಾಡಿ, ಹಳೆ ಬೋರ್ಡಿನಲ್ಲೇ ಬೂಟ್ ಆಗುವುದನ್ನು ನೋಡಿದೆ. ಆಮೇಲೇ ಸ್ಕ್ರೂಡ್ರೈವರ್ ಕೈಗೆ ತಗೊಂಡದ್ದು.

ಹಳೆ ಕೂಲರ್ ತೆಗೆದರೆ ಅದರಡಿಯ ಪೇಸ್ಟ್ ಒಣಗಿದ ಸುಣ್ಣದ ಹಾಗೆ ಉದುರಿತು. ಫ್ಯಾನಿನ ರೆಕ್ಕೆಗಳಲ್ಲಿ ಧೂಳು ನಮ್ಮ ಮಲೆನಾಡಿನ ತೇವ ಹೀರಿ ಕಂಬಳಿಯ ಹಾಗೆ ಕೂತಿತ್ತು. ಪವರ್ ಸ್ವಿಚ್ಚಿನ ಸಣ್ಣ ವೈರ್‌ಗಳನ್ನು ಕೀಳುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದೆ.

ಹೊಸ ಬೋರ್ಡಿಗೆ ಅದೇ ಹಳೆ ಎಸ್‌ಎಸ್‌ಡಿ ಸಿಕ್ಕಿಸಿ ಆನ್ ಮಾಡಿದೆ. 'ಗೆಟಿಂಗ್ ಡಿವೈಸಸ್ ರೆಡಿ' ಅಂತ ಬಂತು, ಎರಡು ಸಲ ರೀಸ್ಟಾರ್ಟ್ ಆಯಿತು, ಆಮೇಲೆ ನನ್ನ ಡೆಸ್ಕ್‌ಟಾಪ್, ಅದೇ ಶೃಂಗೇರಿ ತುಂಗೆಯ ಫೋಟೋ. ಆದರೆ ಇಂಟರ್‌ನೆಟ್ ಇಲ್ಲ. ಹೊಸ ಬೋರ್ಡಿನ ಲ್ಯಾನ್ ಡ್ರೈವರ್ ವಿಂಡೋಸ್ 10ರಲ್ಲಿ ಇರಲಿಲ್ಲ. ಇಂಟರ್‌ನೆಟ್ ಇಲ್ಲದೆ ವಿಂಡೋಸ್ ಆಕ್ಟಿವೇಟ್ ಆಗಲ್ಲ. ಮೊಬೈಲನ್ನು ಯುಎಸ್‌ಬಿಯಲ್ಲಿ ಸಿಕ್ಕಿಸಿ ಟೆದರಿಂಗ್ ಹಾಕಿ ಪಾರಾದೆ. ನೀವು ಡ್ರೈವರ್ ಮೊದಲೇ ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ. ಆಕ್ಟಿವೇಷನ್ ಟ್ರಬಲ್‌ಶೂಟರಿನಲ್ಲಿ 'ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ' ಅನ್ನುವುದನ್ನು ಒತ್ತಿದ ಮೇಲೆ ಲೈಸೆನ್ಸ್ ಸರಿಹೋಯಿತು.

ಮಾರನೆ ದಿನ ಕ್ಲೋನ್‌ಜಿಲ್ಲಾದಿಂದಲೇ ಎಸ್‌ಎಸ್‌ಡಿಯನ್ನು ಎನ್‌ವಿಎಂಇಗೆ ಕ್ಲೋನ್ ಮಾಡಿದೆ. ಮೊದಲ ಸಲ ಬೂಟ್ ಮಾಡುವ ಮುಂಚೆ ಹಳೆಯದರ ಕೇಬಲ್ ಕೀಳಲೇಬೇಕು. ಎರಡಕ್ಕೂ ಒಂದೇ ಗುರುತು ಇರುವುದರಿಂದ ವಿಂಡೋಸ್ ಗಲಿಬಿಲಿಯಾಗುತ್ತದೆ. ಹಾರ್ಡ್ ಡಿಸ್ಕ್‌ಗಳ ಡಿ, ಇ ಅಕ್ಷರ ಬದಲಾಗಿಲ್ಲ ಅಂತಲೂ ನೋಡಿಕೊಂಡೆ. ಅಕ್ಷರ ಬದಲಾದರೆ ಹಳೆ ಪ್ರಾಜೆಕ್ಟುಗಳಲ್ಲಿ ಕ್ಲಿಪ್‌ಗಳೆಲ್ಲ ಆಫ್‌ಲೈನ್ ಅಂತ ಕೆಂಪಾಗಿಬಿಡುತ್ತವೆ.

ಇಷ್ಟಾದರೂ ಧಾರೆ ಕ್ಲಿಪ್ ಇನ್ನೂ ತಡವರಿಸುತ್ತಿತ್ತು! ಎದೆ ಧಸಕ್ ಅಂತು. ಟಾಸ್ಕ್ ಮ್ಯಾನೇಜರಿನಲ್ಲಿ ಇಂಟೆಲ್ ಗ್ರಾಫಿಕ್ಸ್ ಕಾಣಿಸಲೇ ಇಲ್ಲ. ಬೇರೆ ಕಾರ್ಡ್ ಇದ್ದದ್ದರಿಂದ ಬೋರ್ಡ್ ಅದನ್ನು ಮಲಗಿಸಿಬಿಟ್ಟಿತ್ತು. ಬಯಾಸ್‌ನಲ್ಲಿ 'ಐಜಿಪಿಯು ಮಲ್ಟಿ ಮಾನಿಟರ್' (ಐಜಿಪಿಯು ಅಂದರೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್) ಆನ್ ಮಾಡಿ ಇಂಟೆಲ್ ಡ್ರೈವರ್ ಹಾಕಿದೆ. ಪ್ರೀಮಿಯರಿನ ಸೆಟ್ಟಿಂಗ್‌ನಲ್ಲಿ ಇಂಟೆಲ್ ಡಿಕೋಡಿಂಗಿಗೆ ಟಿಕ್ ಹಾಕಿದೆ. ಆಮೇಲೆ ಸ್ಪೇಸ್ ಬಾರ್ ಒತ್ತಿದರೆ ಗಟ್ಟಿಮೇಳದ ಜೊತೆಗೇ ಕೈ ಸಾಗಿ ತಾಳಿ ಕಟ್ಟಿತು. ಪ್ರೊಸೆಸರ್ ಬಳಕೆ ಶೇ. 30 ದಾಟಲಿಲ್ಲ. ಹುಡುಗನನ್ನು ಕರೆದು ನಾಲ್ಕು ಸಲ ತೋರಿಸಿದೆ.

ಇನ್ನೊಂದು ವಿಷಯ ಕ್ಯಾಮೆರಾ ಹುಡುಗರಿಗೆ ಹೇಳಿಟ್ಟಿದ್ದೇನೆ. ಸೋನಿಯಲ್ಲಿ ಎಕ್ಸ್‌ಎವಿಸಿ ಎಸ್ ಅಂದರೆ ಎಚ್.264. ಅದರ 10 ಬಿಟ್ 4:2:2 ಅನ್ನು ಈ ಇಂಟೆಲ್ ಗ್ರಾಫಿಕ್ಸೂ ಬಿಡಿಸುವುದಿಲ್ಲ. ಎಚ್.265 ಆಗಿರುವ ಎಕ್ಸ್‌ಎವಿಸಿ ಎಚ್‌ಎಸ್‌ನಲ್ಲಿ ತೆಗೆಯಿರಿ ಅಂದಿದ್ದೇನೆ.

ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲುವುದಿತ್ತು. ನನ್ನ ಹಳೆ 4790 ನಾಲ್ಕನೇ ತಲೆಮಾರಿನದು, ಅದಕ್ಕೆ ಅಧಿಕೃತವಾಗಿ ವಿಂಡೋಸ್ 11 ಇಲ್ಲ. ಹೊಸದಕ್ಕೆ ಆ ಅಡ್ಡಿ ಇಲ್ಲದ್ದರಿಂದ, ಫೈಲ್ ಮತ್ತು ಆ್ಯಪ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆ ಕೊಟ್ಟು 11ಕ್ಕೂ ಏರಿಸಿದೆ. ನುಡಿ ಟೈಟಲ್‌ಗಳು ಈಗಲೂ ಸರಿಯಾಗಿ ತೆರೆಯುತ್ತವೆ.

ಹಳೆ ಎಸ್‌ಎಸ್‌ಡಿಗೆ ತಾರೀಕು ಬರೆದ ಟೇಪ್ ಅಂಟಿಸಿ ಡ್ರಾಯರಿನಲ್ಲಿಟ್ಟೆ. ಶ್ರಾವಣದ ಮೊದಲ ಮದುವೆಯ ವಿಡಿಯೋ ಗಿರಾಕಿಯ ಕೈಗೆ ಕೊಟ್ಟು ಬಂದ ಮೇಲೆಯೇ ಅದನ್ನು ಫಾರ್ಮ್ಯಾಟ್ ಮಾಡಿದ್ದು.