ಬಲಿಪೂಜೆಯ ಹಾಡಿಗೆ ಪೇಟಿ ಹಿಡಿಯುವ ಮುನ್ನ

ಚರ್ಚಿನ ಗಾಯನವೃಂದವನ್ನು ನಡೆಸುವ ಹೊಣೆ ಹೊತ್ತವರು ಭಾನುವಾರದ ಬಲಿಪೂಜೆಯ, ಅಂದರೆ ಕ್ಯಾಥೊಲಿಕರ ಮುಖ್ಯ ಆರಾಧನೆಯ, ಸಿದ್ಧತೆಯನ್ನು ಪೇಟಿಯ (ಹಾರ್ಮೋನಿಯಂನ) ಮುಂದೆ ಕುಳಿತು ಆರಂಭಿಸಬಾರದು. ಹಾಡಿನ ಪುಸ್ತಕ ತೆರೆದು ಸಾಹಿತ್ಯವನ್ನು ಗಟ್ಟಿಯಾಗಿ ಓದುವುದರಿಂದ ಆರಂಭಿಸಬೇಕು. ಬಳ್ಳಾರಿಯಲ್ಲಿ ಇದು ಇನ್ನೂ ಅಗತ್ಯ, ಏಕೆಂದರೆ ಇಲ್ಲಿ ಮನೆಯಲ್ಲಿ ತೆಲುಗು ಇಲ್ಲವೇ ತಮಿಳು ಆಡುವವರು ಕನ್ನಡದವರ ಪಕ್ಕದಲ್ಲೇ ನಿಂತು ಹಾಡುತ್ತಾರೆ. ನಮ್ಮ ವೃಂದದ ಒಬ್ಬ ಹುಡುಗಿಯ ನೋಟ್‌ಬುಕ್ಕಿನಲ್ಲಿ ಕನ್ನಡದ ಹಾಡುಗಳೆಲ್ಲ ತೆಲುಗು ಲಿಪಿಯಲ್ಲಿದ್ದವು. ಅವಳ ರಾಗ ಎಂದೂ ತಪ್ಪುತ್ತಿರಲಿಲ್ಲ, ಆದರೆ ಪದ ಎಲ್ಲಿ ಮುಗಿಯುತ್ತದೆ ಎಂಬುದು ತಿಳಿಯದೆ ಪದದ ನಡುವೆಯೇ ಉಸಿರು ತೆಗೆದುಕೊಳ್ಳುತ್ತಿದ್ದಳು.

ಹಾಡುಗಳನ್ನು ಆರಿಸುವಾಗ ಆ ದಿನ ಪೂಜೆಯಲ್ಲಿ ಓದುವ ಬೈಬಲ್ ಭಾಗಗಳನ್ನು, ಅಂದರೆ ವಾಚನಗಳನ್ನು, ಮೊದಲು ನೋಡಿರಿ. ಭಾನುವಾರದ ವಾಚನಗಳು ಮೂರು ವರ್ಷಗಳ ಆವರ್ತನದಲ್ಲಿ ಬರುವುದರಿಂದ, ಇಂದು ಬರೆದಿಟ್ಟ ಪಟ್ಟಿ ಮೂರು ವರ್ಷಗಳ ನಂತರ ಮತ್ತೆ ಕೈಗೆ ಬರುತ್ತದೆ. ಪೈಪ್ ಆರ್ಗನ್ ಇಲ್ಲವೆಂದು ಕೊರಗಬೇಕಿಲ್ಲ. ಆ ವಾದ್ಯಕ್ಕೆ ಗೌರವದ ಸ್ಥಾನ ಕೊಟ್ಟ ಕ್ಯಾಥೊಲಿಕ ಧರ್ಮಾಧ್ಯಕ್ಷರ ಎರಡನೆಯ ವ್ಯಾಟಿಕನ್ ಮಹಾಸಭೆಯೇ 1963ರಲ್ಲಿ ಆರಾಧನೆಗೆ ಒಪ್ಪುವ ಇತರ ವಾದ್ಯಗಳಿಗೂ ಅವಕಾಶ ಕೊಟ್ಟಿತು.

ಹೆಚ್ಚು ಶ್ರಮ ಬೇಡುವ ಕೆಲಸವೆಂದರೆ ಪಾಶ್ಚಾತ್ಯ ಧಾಟಿಗೆ ಹೊಂದಿಸಿದ ಕನ್ನಡ ಸಾಹಿತ್ಯವನ್ನು ಹಾಡಿಸುವುದು. ಕನ್ನಡದಲ್ಲಿ ಗುರು ಲಘುಗಳ ಲೆಕ್ಕ ಬಿಗಿಯಾದದ್ದು, ಆದರೆ ಆ ಧಾಟಿಗಳು ಬೇರೆ ಭಾಷೆಯ ಉಚ್ಚಾರಕ್ಕಾಗಿ ಹುಟ್ಟಿದವು. ‘ಕರುಣೆ’ ಎಂಬಲ್ಲಿ ಮೂರೂ ಲಘುಗಳಿದ್ದರೂ, ಮೊದಲ ಅಕ್ಷರ ಎರಡು ಮಾತ್ರೆಗಳ ಸ್ವರದ ಮೇಲೆ ಬಿದ್ದರೆ ಚರ್ಚಿನಲ್ಲಿ ನೆರೆದ ಸಭೆ ಅದನ್ನು ‘ಕಾರುಣೆ’ ಎಂದು ಎಳೆಯುತ್ತದೆ. ‘ಕೃಪೆ’ಗೂ ಇದೇ ಗತಿ. ಇಂಥ ಕಡೆ ಅಕ್ಷರವನ್ನು ಹಿಗ್ಗಿಸದೆ ಬೇಗ ಬಿಡಿಸಿ, ಉಳಿದ ಕಾಲವನ್ನು ಪೇಟಿಯ ಸ್ವರದಿಂದ ತುಂಬಿರಿ. ಅಭ್ಯಾಸದಲ್ಲಿ ವಾದ್ಯವನ್ನು ಮುಚ್ಚಿಟ್ಟು, ಎಲ್ಲರೂ ಕೈತಾಳ ಹಾಕುತ್ತ ಸಾಹಿತ್ಯವನ್ನು ಎರಡು ಬಾರಿ ಮಾತಿನಂತೆಯೇ ಹೇಳಲಿ; ಉಸಿರಿನ ಜಾಗಗಳಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿಸಿರಿ. ಈ ಹತ್ತು ನಿಮಿಷಗಳನ್ನು ನಾನು ಯಾವ ಕಾರಣಕ್ಕೂ ಬಿಟ್ಟುಕೊಡುವುದಿಲ್ಲ.

ಶ್ರುತಿಯನ್ನು ನಿರ್ಧರಿಸಬೇಕಾದದ್ದು ವೃಂದದ ಒಳ್ಳೆಯ ಕಂಠಕ್ಕಾಗಿ ಅಲ್ಲ, ಕೊನೆಯ ಬೆಂಚಿನಲ್ಲಿ ಕುಳಿತ ಅಜ್ಜಿಗಾಗಿ. ನಡು ಸಪ್ತಕದ ಬಿಳಿ ಒಂದರಿಂದ (ಪಾಶ್ಚಾತ್ಯರ ‘ಸಿ’ ಸ್ವರದಿಂದ) ಎಣಿಸಿದರೆ, ಹಾಡಿನ ಅತಿ ಎತ್ತರದ ಸ್ವರ ಮೇಲಿನ ಸಪ್ತಕದ ಬಿಳಿ ಎರಡನ್ನು (‘ಡಿ’ಯನ್ನು) ದಾಟದಿರಲಿ; ಬೆಳಗಿನ ಮೊದಲ ಪೂಜೆಯಲ್ಲಿ ಇನ್ನೂ ಒಂದೆರಡು ಮನೆ (ಬೆರಳಿನಿಂದ ಒತ್ತುವ ಕೀಲಿ) ಇಳಿಸಿದರೆ ಉತ್ತಮ. ಕೀಬೋರ್ಡಿನಲ್ಲಿ ಶ್ರುತಿಯನ್ನು ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಗುಂಡಿ ಬಳಸಿದವರು ಪ್ರತಿ ಹಾಡು ಮುಗಿದ ಕೂಡಲೇ ಅದನ್ನು ಸೊನ್ನೆಗೆ ತರಬೇಕು. ಒಮ್ಮೆ ನಾನು ಮರೆತದ್ದರಿಂದ ಪರಮಪ್ರಸಾದ (ಪವಿತ್ರ ರೊಟ್ಟಿ) ಹಂಚುವಾಗಿನ ಹಾಡು ತೀರ ಮೇಲೇರಿ, ಎರಡನೆಯ ಚರಣಕ್ಕೆ ಸಭೆ ಪೂರ್ತಿ ಮೌನವಾಯಿತು. ಆ ಮೌನ ಇಂದಿಗೂ ನನ್ನ ಕಿವಿಯಲ್ಲಿದೆ.

ಪೀಠಿಕೆಯಾಗಿ ಹಾಡಿನ ಕೊನೆಯ ಸಾಲನ್ನು, ಹಾಡಬೇಕಾದ ವೇಗದಲ್ಲೇ ನುಡಿಸಿದರೆ ಸಾಕು. ಚರಣಗಳ ನಡುವೆ ನೀವೂ ಸಭೆಯೊಂದಿಗೆ ಉಸಿರು ತೆಗೆದುಕೊಳ್ಳಿರಿ, ಆಗ ಬೆರಳುಗಳು ತಾವಾಗಿಯೇ ಸರಿಯಾದ ಹೊತ್ತಿಗೆ ಏಳುತ್ತವೆ.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ವಾದ್ಯವಿರುವುದು ಹಾಡಿಗೆ ಆಸರೆಯಾಗಿ ಮಾತ್ರ; ನಾಲ್ಕನೆಯ ಭಾನುವಾರ ಮತ್ತು ಆ ನಡುವೆ ಬರುವ ಹಬ್ಬಗಳನ್ನು ಬಿಟ್ಟರೆ, ಹಾಡಿಲ್ಲದೆ ಬರಿಯ ವಾದ್ಯ ನುಡಿಸುವಂತಿಲ್ಲ. ಪಾಸ್ಖ ಜಾಗರಣೆ (ಈಸ್ಟರ್ ಹಿಂದಿನ ರಾತ್ರಿಯ ಆರಾಧನೆ) ಕತ್ತಲಲ್ಲಿ ಆರಂಭವಾಗುವುದರಿಂದ ಪುಸ್ತಕದ ಪಕ್ಕದಲ್ಲಿ ಒಂದು ಪುಟ್ಟ ಟಾರ್ಚ್ ಇಟ್ಟುಕೊಳ್ಳಿರಿ. ಕರೆಂಟು ಹೋದರೆ ಕೀಬೋರ್ಡ್ ಕೈಕೊಡುತ್ತದೆ, ಆದ್ದರಿಂದ ಪೇಟಿಯೂ ಸಿದ್ಧವಿರಲಿ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯ ಧೂಳು ಪೇಟಿಯ ರೀಡುಗಳಲ್ಲಿ, ಅಂದರೆ ಗಾಳಿಗೆ ಕಂಪಿಸಿ ಸ್ವರ ಹುಟ್ಟಿಸುವ ಹಿತ್ತಾಳೆಯ ನಾಲಗೆಗಳಲ್ಲಿ, ಕೂರುತ್ತದೆ. ಒಂದು ಮನೆ ಒತ್ತಿದಾಗ ಬರಿಯ ಗಾಳಿಯ ಸದ್ದು ಬಂದರೆ, ಮೇಲ್ಮುಚ್ಚಳ ತೆಗೆದು, ತೆಳುವಾದ ಕಾಗದದ ಪಟ್ಟಿಯನ್ನು ಆ ರೀಡಿನ ನಾಲಗೆಯ ಕೆಳಗೆ ಮೆಲ್ಲನೆ ತೂರಿಸಿ ಎಳೆಯಿರಿ. ಸೂಜಿ, ಬ್ಲೇಡು ತಾಗಿಸಬೇಡಿರಿ, ಹಿತ್ತಾಳೆ ಗೀರಿದರೆ ಶ್ರುತಿ ಕೆಡುತ್ತದೆ. ಇದನ್ನು ಶನಿವಾರ ಮಧ್ಯಾಹ್ನವೇ ಮುಗಿಸಿ, ಎಲ್ಲ ಮನೆಗಳನ್ನೂ ಒಂದೊಂದಾಗಿ ಒತ್ತಿ ಕೇಳಿ, ಆಮೇಲೆ ಮುಚ್ಚಳ ಹಾಕಿರಿ.