ಸಿಡಿಲು ಹಿಡಿಯಲು ಮೂರು ಡಿಜಿಟೈಜರ್‌ಗಳನ್ನು ಒಂದೇ ಕ್ಲಾಕಿಗೆ ಕಟ್ಟುವುದು

ಮುಂಗಾರಿಗೆ ಮುಂಚಿನ ಗುಡುಗುಮಳೆ ಶುರುವಾಗುವಷ್ಟರಲ್ಲಿ ಶಿವಮೊಗ್ಗದ ನಮ್ಮ ಲ್ಯಾಬಿನ ತಾರಸಿ ಮೇಲೆ ಮೂರು ಆಂಟೆನಾ ನಿಲ್ಲಿಸಿರುತ್ತೇನೆ, ಒಂದರಿಂದ ಇನ್ನೊಂದಕ್ಕೆ 30 ಮೀಟರ್. ಸಿಡಿಲಿನ ರೇಡಿಯೋ ಅಲೆ ಯಾವುದಕ್ಕೆ ಎಷ್ಟು ಮೊದಲು ಮುಟ್ಟಿತು ಎಂದು ನೋಡಿ ದಿಕ್ಕು ಲೆಕ್ಕ ಹಾಕುವುದು. ಅಷ್ಟು ದೂರ ದಾಟಲು ಅಲೆಗೆ 100 ನ್ಯಾನೋಸೆಕೆಂಡ್ ಸಾಕು. ನನ್ನ ಡಿಜಿಟೈಜರ್‌ಗಳು, ಅಂದರೆ ಆಂಟೆನಾದ ಸಿಗ್ನಲನ್ನು ಅಂಕಿಗಳಾಗಿ ಬರೆದಿಡುವ ಡಬ್ಬಿಗಳು, ಸೆಕೆಂಡಿಗೆ 10 ಕೋಟಿ ಸ್ಯಾಂಪಲ್ (ಅಳತೆ) ತೆಗೆಯುತ್ತವೆ, ಒಂದಕ್ಕೆ 10 ನ್ಯಾನೋಸೆಕೆಂಡ್. ಒಂದೇ ಸ್ಯಾಂಪಲ್ ಆಚೀಚೆಯಾದರೂ ದಿಕ್ಕು ಸುಮಾರು 6 ಡಿಗ್ರಿ ತಪ್ಪುತ್ತದೆ. ಕೊಡಚಾದ್ರಿಯಷ್ಟು ದೂರಕ್ಕೆ ಅದು ಏಳೆಂಟು ಕಿಲೋಮೀಟರ್! ಇಷ್ಟು ತಪ್ಪಿದರೆ ಆ ದಿನದ ರೆಕಾರ್ಡಿಂಗ್ ನನಗೆ ಬೇಡ.

ಮೊದಲು ಕ್ಲಾಕ್, ಅಂದರೆ ಸ್ಯಾಂಪಲ್ ಯಾವಾಗ ತೆಗೆಯಬೇಕೆಂದು ತಾಳ ಹಾಕುವ ಮಿಡಿತ. ಪ್ರತಿ ಡಬ್ಬಿಯೊಳಗೂ ಈ ತಾಳ ಕೊಡುವ ಅದರದೇ ಕ್ರಿಸ್ಟಲ್ ಇರುತ್ತದೆ, ಯಾವ ಎರಡೂ ಸರಿಸಮ ಓಡುವುದಿಲ್ಲ. ಹತ್ತು ಲಕ್ಷದಲ್ಲಿ ಒಂದು ಪಾಲು ವ್ಯತ್ಯಾಸವಿದ್ದರೂ ಸೆಕೆಂಡಿಗೆ 100 ಸ್ಯಾಂಪಲ್ ದೂರ ಸರಿಯುತ್ತವೆ. ಒಂದು ಮಿಂಚು ಅರ್ಧ ಸೆಕೆಂಡ್ ಇದ್ದೀತು, ಅಷ್ಟರಲ್ಲೇ 50 ಸ್ಯಾಂಪಲ್ ಹೋಯಿತು. ಹಾಗಾಗಿ ಹೊರಗಿನ ಒಂದೇ 10 ಮೆಗಾಹರ್ಟ್ಸ್ ರೆಫರೆನ್ಸ್ (ಎಲ್ಲವೂ ಅನುಸರಿಸುವ ತಾಳ) ಅನ್ನು ಮೂರಕ್ಕೂ ಕೊಡಿ, ಪ್ರತಿಯೊಂದರ ಸೆಟ್ಟಿಂಗಿನಲ್ಲೂ ‘ಎಕ್ಸ್‌ಟರ್ನಲ್ ರೆಫರೆನ್ಸ್’ ಆರಿಸಿ, ಡಬ್ಬಿ ಆ ತಾಳಕ್ಕೆ ಹೊಂದಿಕೊಂಡಿದೆ ಎಂದು ತೋರಿಸುವ ಲಾಕ್ ದೀಪ ಹತ್ತಿದೆಯೇ ನೋಡಿ. ಮೊದಲ ವರ್ಷ ನಾನು ಟಿ ಕನೆಕ್ಟರ್ ಹಾಕಿ ಒಂದರಿಂದ ಒಂದಕ್ಕೆ ಎಳೆದಿದ್ದೆ. ಕೊನೆಯಲ್ಲಿ ಸಿಗ್ನಲನ್ನು ಹೀರಿಕೊಳ್ಳುವ 50 ಓಮ್ ಟರ್ಮಿನೇಷನ್ ಇರಲಿಲ್ಲ. ಸಿಗ್ನಲ್ ಹಿಂದಕ್ಕೆ ಪುಟಿದು ಮೂರನೆಯದರ ಲಾಕ್ ಹೋಗುತ್ತ ಬರುತ್ತ ಇತ್ತು, ಎರಡು ವಾರದ ಮಳೆ ಕೈತಪ್ಪಿತು. ಈಗ ಒಂದೇ ಸಿಗ್ನಲನ್ನು ಹಲವಕ್ಕೆ ಬೇರೆಬೇರೆಯಾಗಿ ಕೊಡುವ ಡಿಸ್ಟ್ರಿಬ್ಯೂಷನ್ ಆಂಪ್ಲಿಫೈಯರ್‌ನಿಂದ ಮೂರು ಸಮ ಉದ್ದದ ಕೇಬಲ್, ಒಂದೇ ಸುರುಳಿಯಿಂದ ಕತ್ತರಿಸಿದ್ದು.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಕ್ಲಾಕ್ ಒಂದಾದ ಮಾತ್ರಕ್ಕೆ ಮೂರೂ ಒಂದೇ ಕ್ಷಣದಲ್ಲಿ ಎಣಿಕೆ ಶುರು ಮಾಡುವುದಿಲ್ಲ. ಸಿಡಿಲು ಕ್ಲಾಕ್ ನೋಡಿ ಹೊಡೆಯುವುದಿಲ್ಲವಲ್ಲ! ಟ್ರಿಗರ್, ಅಂದರೆ ‘ರೆಕಾರ್ಡ್ ಶುರು ಮಾಡು’ ಎನ್ನುವ ಸಿಗ್ನಲ್, ಕ್ಲಾಕಿನ ಅಂಚಿನ (ಮಿಡಿತ ಏರುವ ಕ್ಷಣದ) ಹತ್ತಿರ ಬಂದರೆ ಒಂದು ಡಬ್ಬಿ ಈ ಅಂಚಿಗೆ ಹಿಡಿಯುತ್ತದೆ, ಪಕ್ಕದ್ದು ಮುಂದಿನದಕ್ಕೆ. ಆದ್ದರಿಂದ ಟ್ರಿಗರನ್ನು ನೇರ ಹಂಚಬೇಡಿ. ಅದೇ 10 ಮೆಗಾಹರ್ಟ್ಸ್‌ನಿಂದ ಓಡುವ ಒಂದು ಡಿ ಫ್ಲಿಪ್‌ಫ್ಲಾಪ್ (ಬಂದ ಸಿಗ್ನಲನ್ನು ಕ್ಲಾಕಿನ ಮುಂದಿನ ಅಂಚಿನಲ್ಲಷ್ಟೇ ಮುಂದಕ್ಕೆ ಬಿಡುವ ಸರ್ಕ್ಯೂಟ್) ಮೂಲಕ ದಾಟಿಸಿ, ಆಮೇಲೆ ಸಮ ಉದ್ದದ ಕೇಬಲ್‌ಗಳಲ್ಲಿ ಮೂರಕ್ಕೂ ಕಳಿಸಿ. ಆಗಲೂ ಅಂಚಿನ ಹತ್ತಿರವೇ ಬಿದ್ದರೆ ಮೂರೂ ಟ್ರಿಗರ್ ಕೇಬಲ್‌ಗಳನ್ನು ಒಂದೊಂದು ಮೀಟರ್ ಉದ್ದ ಮಾಡಿ. ಆರ್‌ಜಿ-58 ಕೇಬಲಿನಲ್ಲಿ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ತಡ, ಅಂದರೆ ನಮ್ಮ ಅರ್ಧ ಸ್ಯಾಂಪಲ್.

ಇನ್ನು ಪರೀಕ್ಷೆ. ಡಬ್ಬಿಗಳು ಅರ್ಧ ಗಂಟೆ ಬಿಸಿಯಾಗಲಿ. ಆಮೇಲೆ ಒಂದೇ ಪಲ್ಸನ್ನು ಸ್ಪ್ಲಿಟರ್‌ನಿಂದ ಮೂರಕ್ಕೂ ಕೊಟ್ಟು ನೂರು ಸಲ ರೆಕಾರ್ಡ್ ಮಾಡಿ, ಮೂರು ರೆಕಾರ್ಡ್‌ಗಳಲ್ಲಿ ಪಲ್ಸ್ ಬಿದ್ದ ಜಾಗಗಳ ಅಂತರ ಅಳೆಯಿರಿ. ಪ್ರತಿ ಸಲವೂ ಅಷ್ಟೇ ಅಂತರ ಬಂದರೆ ಹೆದರಬೇಡಿ, ಬರೆದಿಟ್ಟುಕೊಂಡು ಕಳೆಯಿರಿ. ಒಂದು ಸಲ ಸೊನ್ನೆ, ಇನ್ನೊಂದು ಸಲ ಒಂದು ಸ್ಯಾಂಪಲ್ ಎಂದು ಜಿಗಿದರೆ ದೋಷ ಟ್ರಿಗರಿನದು. ರೆಕಾರ್ಡಿನ ಮೊದಲಿಗಿಂತ ಕೊನೆಯಲ್ಲಿ ಅಂತರ ಬೆಳೆದಿದ್ದರೆ ಯಾವುದೋ ಒಂದು ಡಬ್ಬಿ ಇನ್ನೂ ತನ್ನದೇ ಕ್ರಿಸ್ಟಲ್ ಮೇಲೆ ಓಡುತ್ತಿದೆ. ಇದಕ್ಕಾಗಿ ಒಂದೇ ರೆಕಾರ್ಡಿನ ಆರಂಭಕ್ಕೂ ಕೊನೆಗೂ ಪಲ್ಸ್ ಇರಬೇಕು.

ನಮ್ಮ ಕಡೆ ಗುಡುಗು ಅಂದರೆ ಕರೆಂಟು ಹೋಯಿತು ಅಂತಲೇ. ವಾಪಸ್ ಬಂದಾಗ ನನ್ನ ಡಬ್ಬಿಗಳು ಸದ್ದಿಲ್ಲದೆ ಒಳಗಿನ ಕ್ಲಾಕಿಗೆ ಮರಳಿರುತ್ತವೆ. ಲಾಕ್ ಮತ್ತೆ ಆದರೂ ಹಳೆಯ ಅಂತರ ಉಳಿದಿರುತ್ತದೆಂದು ನಂಬುವಂತಿಲ್ಲ. ಅದಕ್ಕೇ ಪ್ರತಿ ಡಬ್ಬಿಯ ಎರಡನೇ ಚಾನೆಲನ್ನು ಪರೀಕ್ಷೆಯ ಪಲ್ಸಿಗೇ ಮೀಸಲಿಟ್ಟಿದ್ದೇನೆ. ಕರೆಂಟು ಬಂದ ಕೂಡಲೇ ಸೆಟ್ಟಿಂಗ್ ಮತ್ತೆ ಹಾಕಿ, ನೂರು ಪಲ್ಸ್ ತೆಗೆದು, ಅಂತರ ಹೊಸದಾಗಿ ಬರೆದುಕೊಳ್ಳುತ್ತೇವೆ. ಆಂಟೆನಾ ಕೇಬಲ್ ಬಿಚ್ಚುವ ಅಗತ್ಯವೇ ಬರುವುದಿಲ್ಲ. ಗುಡುಗುವಾಗ ಅದನ್ನು ಮುಟ್ಟಲಿಕ್ಕೂ ತಾರಸಿ ಹತ್ತಲಿಕ್ಕೂ ನಾನು ಯಾವ ಹುಡುಗರನ್ನೂ ಬಿಡುವುದಿಲ್ಲ.