ಹಳೆಯ ಚಿತ್ರದಲ್ಲಿರುವ ಬ್ರಿಟಿಷ್ ಬಸ್ ಯಾವುದೆಂದು ಪತ್ತೆಹಚ್ಚಲು

ಒಂದಂತಸ್ತಿನ ಬ್ರಿಟಿಷ್ ಬಸ್ಸಿನ ಹಳೆಯ ಚಿತ್ರ ಕೈಗೆ ಸಿಕ್ಕರೆ ಮೊದಲು ಪ್ರಯಾಣಿಕರ ಬಾಗಿಲು ಎಲ್ಲಿದೆ ನೋಡಿ. ಅದು ಬಸ್ಸಿನ ಎಡಬದಿಯಲ್ಲಿರಬೇಕು. ಬಲಬದಿಯಲ್ಲಿ ಕಂಡರೆ ಚಿತ್ರ ತಿರುವುಮುರುವಾಗಿ ಅಚ್ಚಾಗಿರುವ ಸಾಧ್ಯತೆ ಹೆಚ್ಚು.

ನಂತರ ಮುಂಭಾಗ. ಬಾನೆಟ್‌ನ ಪಕ್ಕದಲ್ಲೇ ಚಾಲಕನಿಗೆ ಮಾತ್ರ ಪುಟ್ಟ ಗೂಡಿದ್ದರೆ ಅದು ‘ಹಾಫ್ ಕ್ಯಾಬ್’: ಎಇಸಿ ರೀಗಲ್ ಅಥವಾ ಲೇಲ್ಯಾಂಡ್ ಟೈಗರ್ ಇರಬಹುದು. ಮೂತಿ ಉದ್ದಕ್ಕೆ ಚಾಚಿದ ಪುಟ್ಟ ದುಂಡು ಬಸ್ಸಾದರೆ ಬೆಡ್‌ಫರ್ಡ್ ಓಬಿ ಎಂದು ಊಹಿಸಿ. ಮುಂಭಾಗ ಚಪ್ಪಟೆಯಾಗಿ, ಎಂಜಿನ್ ಎಲ್ಲೂ ಕಾಣದಿದ್ದರೆ ಅದು ನೆಲದಡಿ ಇರಬಹುದು. ಆ ವಿನ್ಯಾಸ 1950ರ ದಶಕದಲ್ಲಿ ವ್ಯಾಪಕವಾಯಿತು. ಲಂಡನ್ನಿನ ಆರ್‌ಎಫ್ ಬಸ್ಸುಗಳು ಇದೇ ಜಾತಿ. ಚಾವಣಿಯ ಹಿಂತುದಿಯಲ್ಲಿ ಪೆಟ್ಟಿಗೆಯಂಥ ಉಬ್ಬು ಇದ್ದರೆ ತಲೆಕೆಡಿಸಿಕೊಳ್ಳಬೇಡಿ, ಅದು 1972ರಿಂದ ತಯಾರಾದ ಲೇಲ್ಯಾಂಡ್ ನ್ಯಾಷನಲ್.

ರೇಡಿಯೇಟರ್ ಮೇಲಿನ ಲಾಂಛನವನ್ನು ಮಾತ್ರ ನಂಬಿ ಕುಳಿತುಕೊಳ್ಳಬೇಡಿ. ಅದು ಸಾಮಾನ್ಯವಾಗಿ ಚಾಸಿ (ಎಂಜಿನ್, ಚಕ್ರಗಳಿರುವ ಕೆಳಚೌಕಟ್ಟು) ತಯಾರಕರದು; ಮೇಲಿನ ಬಾಡಿ ಬಹಳಷ್ಟು ಸಲ ಬೇರೆ ಕಂಪನಿಯದು. ಬೆಡ್‌ಫರ್ಡ್ ಓಬಿಗೆ ಡುಪಲ್ ಕಂಪನಿಯ ಬಾಡಿ ಇರುವುದು ಇದಕ್ಕೆ ಪ್ರಸಿದ್ಧ ಉದಾಹರಣೆ.

ನನ್ನ ಮೆಚ್ಚಿನ ಸುಳಿವು ನಂಬರ್ ಪ್ಲೇಟ್. 1963ರಿಂದ ಕೊನೆಯಲ್ಲಿ ವರ್ಷ ಸೂಚಿಸುವ ಅಕ್ಷರ ಬಂತು; ‘ಸಿ’ ಎಂದರೆ 1965. ಎಲ್ಲ ಪ್ರದೇಶಗಳಿಗೂ ಈ ಪದ್ಧತಿ ಹಬ್ಬಿದ್ದು 1965ರ ಹೊತ್ತಿಗೇ. ಅಕ್ಷರ ಸೂಚಿಸುವುದು ಬಸ್ ನೋಂದಣಿಯಾದ ವರ್ಷ, ಚಿತ್ರ ತೆಗೆದ ವರ್ಷವಲ್ಲ. ಚಿತ್ರದ ಕಾಲ ಬೇಕಿದ್ದರೆ ಹಿನ್ನೆಲೆಯ ಕಾರುಗಳನ್ನೂ ಅಂಗಡಿ ಫಲಕಗಳನ್ನೂ ಗಮನಿಸಿ.